ಶಟ್‌ಡೌನ್ ಕೊಟ್ರೂ ಆಫ್ ಆಗ್ದೇ ನಿಂತ್ಕೊಳ್ಳೋ ಲಿನಕ್ಸ್: ಎಲ್ಲಿ ಸಿಕ್ಕಾಕೊಂಡಿದೆ ಅಂತ ಹಿಡಿಯೋದು ಹೇಗೆ

ಮಂಡ್ಯದ ನೂರಡಿ ರಸ್ತೇಲಿ ನಮ್ಮ ಭಾವಂದೊಂದು ಜೆರಾಕ್ಸ್, ಡಿಟಿಪಿ ಅಂಗಡಿ ಇದೆ. ಎರಡು ಹಳೇ ಸಿಸ್ಟಮ್, ಎರಡಕ್ಕೂ ಉಬುಂಟು ಹಾಕ್ಕೊಟ್ಟಿದ್ದು ನಾನೇ, ಹಾಗಾಗಿ ಪ್ರಿಂಟರ್ ಪೇಪರ್ ಎಳೀಲಿಲ್ಲ ಅಂದ್ರೂ ಫೋನ್ ಬರೋದು ಮೈಸೂರಿಗೆ, ನನಗೇ. ಒಂದಿನ ರಾತ್ರಿ ಒಂಬತ್ತೂವರೆಗೆ ಫೋನು.

"ಏನಪ್ಪಾ ಇದು ನಿನ್ ಲಿನಕ್ಸು, ಆಫ್ ಆಗಾಕೂ ಮೂರ್ತ ನೋಡ್ತದಲ್ಲ. ಶಟರ್ ಅರ್ಧ ಎಳ್ಕಂಡು ಕಾಯ್ತಾ ಕುಂತಿವ್ನಿ. ಮೈನ್ ಸ್ವಿಚ್ ಆಫ್ ಮಾಡ್ಬುಡ್ಲಾ?"

"ಬೇಡ ಭಾವ, ಒಂದ್ನಿಮಿಷ ತಡೀರಿ. ಸ್ಕ್ರೀನ್ ಮೇಲೆ ಏನ್ ಬಂದಿದೆ ಓದಿ ಹೇಳಿ."

"ಏನೂ ಇಲ್ಲ, ಬರೀ ಉಬುಂಟು ಅಂತ ಬಂದು ಚಕ್ರ ತಿರುಗ್ತಾ ಅದೆ."

ಎಲ್ಲರೂ ಎಡವೋದು ಇಲ್ಲೇ. ಚಕ್ರ ನೋಡ್ಕೊಂಡು ಕೂತ್ರೆ ಏನೂ ಗೊತ್ತಾಗಲ್ಲ, ಬೇಜಾರಾಗಿ ಪವರ್ ಬಟನ್ ಒತ್ತಿ ಹಿಡೀತೀವಿ, ಸುಮಾರು 4 ಸೆಕೆಂಡ್ ಒತ್ತಿ ಹಿಡಿದ್ರೆ ಹಾರ್ಡ್‌ವೇರೇ ಕರೆಂಟ್ ಕಟ್ ಮಾಡ್ಬಿಡತ್ತೆ, ಬೆಳಿಗ್ಗೆ ಆನ್ ಮಾಡಿದ್ರೆ ಸರಿಯಾಗೇ ಬರತ್ತೆ, ರಾತ್ರಿ ಮತ್ತೆ ಅದೇ ಕಥೆ. ಹಿಂಗೆ ಆರು ತಿಂಗಳು ತಳ್ಳಿ ಆಮೇಲೆ ಒಂದಿನ ಫೈಲ್ ಹೋಯ್ತು ಅಂತ ಬಾಯ್ ಬಾಯ್ ಬಡ್ಕೊಳ್ಳೋರನ್ನ ನಾನೇ ನೋಡಿದೀನಿ. ಶಟ್‌ಡೌನ್ ಒಂದೇ ಕೆಲಸ ಅಲ್ಲ, ಒಂದಾದ್ಮೇಲೊಂದು ನಡೆಯೋ ಮೂರು ಕೆಲಸ, ಮೂರರಲ್ಲಿ ಯಾವ್ದರಲ್ಲಿ ನಿಂತಿದೆ ಅನ್ನೋದು ಮೊದಲು ಗೊತ್ತಾಗ್ಬೇಕು, ಅದಕ್ಕೆ ಮುಂಚೆ ನೆಟ್ಟಲ್ಲಿ ಸಿಕ್ಕಿದ್ ಕಮಾಂಡ್ ಎಲ್ಲಾ ತುರುಕೋದು ಜ್ವರ ಯಾಕೆ ಬಂತು ನೋಡ್ದೇನೇ ಇಂಜೆಕ್ಷನ್ ಚುಚ್ಚಿದ ಹಾಗೆ.

ಒಂದು ಮಾತು ಮೊದಲೇ ಹೇಳ್ಬಿಡ್ತೀನಿ. ಇಲ್ಲಿ ಕಮಾಂಡ್‌ಗಳನ್ನ ಫೋನಲ್ಲಿ ಭಾವಂಗೆ ಹೇಳ್ದಂಗೆ ಕನ್ನಡದಲ್ಲೇ ಬರ್ದಿದೀನಿ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೀಬೇಕು, ಚುಕ್ಕಿ, ಗೆರೆ, ಸ್ಲ್ಯಾಶ್, ಸ್ಪೇಸ್ ಎಲ್ಲಾ ಇಲ್ಲಿ ಇರೋ ಜಾಗದಲ್ಲೇ.

ಒಳಗೆ ಏನ್ ನಡೀತಿದೆ

ಈಗಿನ ಉಬುಂಟು, ಡೆಬಿಯನ್, ಫೆಡೋರಾ, ಮಿಂಟ್ ಅನ್ನೋ ಲಿನಕ್ಸ್‌ಗಳಲ್ಲೆಲ್ಲಾ ಯಜಮಾನ ಅಂದ್ರೆ ಸಿಸ್ಟಮ್‌ಡಿ, ಮಿಕ್ಕ ಪ್ರೋಗ್ರಾಮ್‌ಗಳನ್ನ ಶುರು ಮಾಡೋದು, ನಿಲ್ಸೋದು ಅದೇ. 2010ರಲ್ಲಿ ಲೆನಾರ್ಟ್ ಪೊಯೆಟರಿಂಗ್ ಮತ್ತೆ ಕೇ ಸೀವರ್ಸ್ ಶುರು ಮಾಡಿದ್ದು, 2011ರಲ್ಲಿ ಫೆಡೋರಾ 15ಕ್ಕೆ ಬಂತು, 2015ರಲ್ಲಿ ಡೆಬಿಯನ್ 8, ಉಬುಂಟು 15.04 ಎರಡೂ ಅದಕ್ಕೇ ಬದಲಾದ್ವು. ಅದನ್ನ ಬೈಯೋರು ಈಗ್ಲೂ ಇದಾರೆ, ಬೈಯ್ಲಿ, ಆದ್ರೆ ಶಟ್‌ಡೌನ್ ಯಾಕ್ ನಿಂತಿದೆ ಅಂತ ಹೆಸರು ಸಮೇತ ಹೇಳೋ ಬುದ್ಧಿ ಹಳೇ ಕಾಲದ್ದಕ್ಕಿಂತ ಇದಕ್ಕೆ ಜಾಸ್ತಿ ಅನ್ನೋದು ನನ್ ಅಭಿಪ್ರಾಯ.

ನೀವು ಶಟ್‌ಡೌನ್ ಕೊಟ್ಟಾಗ ಮೊದಲನೇದು, ಸರ್ವಿಸ್‌ಗಳಿಗೆಲ್ಲಾ, ಅಂದ್ರೆ ಹಿಂದ್ಗಡೆ ಸದ್ದಿಲ್ದೆ ಓಡ್ತಿರೋ ಪ್ರೋಗ್ರಾಮ್‌ಗಳಿಗೆಲ್ಲಾ, "ಎದ್ದೇಳಿ, ಅಂಗಡಿ ಮುಚ್ತಿದೀವಿ" ಅಂತ ಸಿಗ್‌ಟರ್ಮ್ ಅನ್ನೋ ಸಿಗ್ನಲ್ ಹೋಗತ್ತೆ. ಮರ್ಯಾದೆಯಾಗಿ ಎದ್ದು ಹೋದ್ರೆ ಸರಿ, ಇಲ್ಲಾಂದ್ರೆ 90 ಸೆಕೆಂಡ್ ಕಾಯತ್ತೆ, ಆಮೇಲೆ ಸಿಗ್‌ಕಿಲ್, ಅಂದ್ರೆ ಕತ್ತು ಹಿಡಿದು ಆಚೆಗೆ. ಎರಡನೇದು, ಉಳಿದ ಪುಡಿ ಪ್ರೋಸೆಸ್ ಕೊಂದು, ರ‍್ಯಾಮಲ್ಲಿರೋ ಡೇಟಾನ ಡಿಸ್ಕಿಗೆ ಬರೆದು, ಸ್ವಾಪ್ (ರ‍್ಯಾಮ್ ಸಾಲದಾಗ ಬಳಸೋ ಡಿಸ್ಕಿನ ಜಾಗ) ಆಫ್ ಮಾಡಿ, ಡಿಸ್ಕ್‌ಗಳನ್ನ ಅನ್‌ಮೌಂಟ್ ಮಾಡೋದು, ಅಂದ್ರೆ ಸಿಸ್ಟಮ್ಮಿಂದ ಬಿಡಿಸೋದು. ಮೂರನೇದು, ಲಿನಕ್ಸಿನ ತಿರುಳಾದ ಕರ್ನಲ್ಲು ಮದರ್‌ಬೋರ್ಡಿಗೆ "ಕರೆಂಟ್ ಕಟ್ ಮಾಡಪ್ಪ" ಅಂತ ಹೇಳೋದು. ಅದು ಎಸಿಪಿಐ ಮೂಲಕ, 1996ರಿಂದ ಇರೋ ವ್ಯವಸ್ಥೆ, ಪೂರ್ತಿ ಆಫ್ ಆಗೋ ಸ್ಥಿತಿಗೆ ಅದರಲ್ಲಿ ಎಸ್5 ಅಂತ ಹೆಸರು.

ಹಂತ 1: ಚಕ್ರ ತೆಗೀರಿ, ಸಾಲು ಓದಿ

ಶಟ್‌ಡೌನ್ ಕೊಟ್ಟು ಲೋಗೋ ಬಂದ ತಕ್ಷಣ ಎಸ್ಕೇಪ್ ಒತ್ತಿ. ಚಕ್ರ ಹೋಗಿ ಸಾಲುಗಳು ಕಾಣತ್ತೆ. ಭಾವಂಗೂ ಅದನ್ನೇ ಹೇಳಿದ್ದು. "ಓ, ಬಂತು ಬಂತು. ಕೆಂಪ್ ಚುಕ್ಕಿ ಆಕಡೆ ಈಕಡೆ ಓಡಾಡ್ತಾ ಅವೆ, ಸ್ಟಾಪ್ ಜಾಬ್ ಅಂತ ಏನೋ, ಮುಂದೆ ಸ್ಲ್ಯಾಶ್ ಎಂಎನ್‌ಟಿ ಸ್ಲ್ಯಾಶ್ ಸ್ಕ್ಯಾನ್, ಪಕ್ಕದಲ್ಲಿ ಟೈಮ್ ಓಡ್ತಾ ಅದೆ" ಅಂದ್ರು. ಅಷ್ಟು ಸಾಕಿತ್ತು ನನಗೆ.

ಎಸ್ಕೇಪ್ ಒತ್ತಿದ್ರೂ ಸಾಲು ಬರಲಿಲ್ಲ ಅಂದ್ರೆ /ಇಟಿಸಿ/ಡೀಫಾಲ್ಟ್/ಗ್ರಬ್ ಫೈಲ್ ತೆಗೆದು, ಅದರಲ್ಲಿ "ಕ್ವಯಟ್ ಸ್ಪ್ಲಾಶ್" ಅಂತ ಇರೋ ಎರಡು ಪದ ಅಳಿಸಿ, ಸುಡೊ ಅಪ್‌ಡೇಟ್-ಗ್ರಬ್ ಕೊಡಿ. ಮುಂದಿನ ಸಲ ಆನ್ ಆಗುವಾಗ್ಲೂ ಆಫ್ ಆಗುವಾಗ್ಲೂ ಎಲ್ಲಾ ಸಾಲು ಕಾಣತ್ತೆ. ನೋಡೋಕೆ ಚೆಂದ ಇರಲ್ಲ, ಆದ್ರೆ ನಾನಂತೂ ನನ್ ಸಿಸ್ಟಮ್‌ಗಳಲ್ಲಿ ಯಾವಾಗ್ಲೂ ಹಿಂಗೇ ಇಟ್ಟಿರ್ತೀನಿ.

ಈಗ ಏನ್ ಕಾಣ್ತಿದೆ ನೋಡಿ. ಸ್ಟಾಪ್ ಜಾಬ್ ಅಂತ ಟೈಮರ್ ಓಡ್ತಿದ್ರೆ ಮೊದಲನೇ ಘಟ್ಟದಲ್ಲಿ ನಿಂತಿದೆ. ಸಿಸ್ಟಮ್‌ಡಿ-ಶಟ್‌ಡೌನ್ ಅಂತ ಶುರುವಾಗೋ ಸಾಲಲ್ಲಿ ಸಿಂಕಿಂಗ್, ಅನ್‌ಮೌಂಟಿಂಗ್ ಅಂತೇನಾದ್ರೂ ಇದ್ರೆ ಎರಡನೇದು. ಕೊನೇ ಸಾಲು "ರೀಬೂಟ್: ಪವರ್ ಡೌನ್" ಅಂತ ಬಂದು ಫ್ಯಾನ್ ಇನ್ನೂ ತಿರುಗ್ತಿದ್ರೆ ಮೂರನೇದು. ಮೊಬೈಲಲ್ಲಿ ಒಂದು ಫೋಟೋ ಹೊಡ್ಕೊಳ್ಳಿ, ನೆನಪಿನ ಮೇಲೆ ಹೇಳೋಕೆ ಹೋದ್ರೆ ಒಂದಕ್ಷರ ಆಚೀಚೆ ಆಗಿಬಿಡತ್ತೆ.

ಹಂತ 2: ಹಿಂದಿನ ಸಲದ ಲಾಗ್

ಮತ್ತೆ ಆನ್ ಮಾಡಿದ್ಮೇಲೆ:

ಸುಡೊ ಜರ್ನಲ್‌ಸಿಟಿಎಲ್ -ಬಿ -1 -ಇ

-ಬಿ -1 ಅಂದ್ರೆ ಹಿಂದಿನ ಸಲ ಆನ್ ಆಗಿದ್ದಾಗಿನ ಲಾಗ್, -ಇ ಅಂದ್ರೆ ಸೀದಾ ಕೊನೆಗೆ ಹೋಗು. ಕೆಳಗಿಂದ ಮೇಲಕ್ಕೆ ಓದ್ಕೊಂಡ್ ಬನ್ನಿ. ಎರಡು ಸಾಲಿನ ಮಧ್ಯೆ ಟೈಮ್ ಒಂದೇ ಸಲ ಒಂದೂವರೆ ನಿಮಿಷ ಹಾರಿರತ್ತಲ್ಲ, ಆ ಜಾಗದಲ್ಲೇ ಕಳ್ಳ ಇರೋದು. "ಟೈಮ್ಡ್ ಔಟ್", "ಕಿಲ್ಲಿಂಗ್" ಅನ್ನೋ ಪದ ಅಲ್ಲೇ ಸುತ್ತಮುತ್ತ ಸಿಗತ್ತೆ, ಅದರ ಹಿಂದೆ ಸರ್ವಿಸ್ ಹೆಸರು.

ಹಿಂದಿನ ಲಾಗೇ ಇಲ್ಲ ಅಂತ ಬಂದ್ರೆ ಲಾಗ್ ರ‍್ಯಾಮಲ್ಲಿ ಮಾತ್ರ ಇಡ್ತಾ ಇದೆ ಅಂತ ಅರ್ಥ. ಸುಡೊ ಎಂಕೆಡಿಐಆರ್ -ಪಿ /ವಾರ್/ಲಾಗ್/ಜರ್ನಲ್ ಅಂತ ಫೋಲ್ಡರ್ ಮಾಡಿ ಒಂದ್ಸಲ ರೀಸ್ಟಾರ್ಟ್ ಮಾಡಿ, ಆಮೇಲಿಂದ ಡಿಸ್ಕಲ್ಲಿ ಉಳಿಯತ್ತೆ. ಹಾಗೇ ಲಾಸ್ಟ್ -ಎಕ್ಸ್ ಅಂತ ಹೊಡೆದ್ರೆ ಯಾವ್ಯಾವ ದಿನ ಸರಿಯಾಗಿ ಶಟ್‌ಡೌನ್ ಆಗಿದೆ, ಯಾವತ್ತು ಶಟ್‌ಡೌನ್ ಸಾಲೇ ಇಲ್ದೆ ಸೀದಾ ರೀಬೂಟ್ ಅಂತ ಬಂದಿದೆ ಅಂತ ಕಾಣತ್ತೆ. ಭಾವಂದು ನೋಡಿದ್ರೆ ಹೆಚ್ಚು ಕಮ್ಮಿ ದಿನಾ ರಾತ್ರಿ ಮೈನ್ ಸ್ವಿಚ್ಚೇ. ಕೇಳಿದ್ರೆ "ಎಲ್ಲೋ ಎರಡ್ ಮೂರ್ ಸತಿ ಅಷ್ಟೇಯಾ" ಅಂತಾರೆ.

ಹಂತ 3: ಸ್ಟಾಪ್ ಜಾಬ್

ಹತ್ತಕ್ಕೆ ಏಳೆಂಟು ಕೇಸು ಇಲ್ಲೇ ಇರೋದು, ಅದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೂರೋಣ.

ಮೊದಲು ಶಟ್‌ಡೌನ್ ಕೊಡದೇನೇ ಪರೀಕ್ಷೆ ಮಾಡಿ. ಅನುಮಾನ ಇರೋ ಸರ್ವಿಸ್‌ನ ಕೈಯಾರೆ ನಿಲ್ಸಿ ನೋಡೋದು, ಟೈಮ್ ಸುಡೊ ಸಿಸ್ಟಮ್‌ಸಿಟಿಎಲ್ ಸ್ಟಾಪ್, ಮುಂದೆ ಸರ್ವಿಸ್ ಹೆಸರು. ಎರಡು ಸೆಕೆಂಡಲ್ಲಿ ನಿಂತ್ರೆ ಅವನು ನಿರಪರಾಧಿ. 90 ಸೆಕೆಂಡ್ ಎಳೆದ್ರೆ ಸಿಕ್ಕಿಬಿದ್ದ.

ನನ್ ಮನೆ ಸಿಸ್ಟಮಲ್ಲಿ ಸಿಕ್ಕಿಬಿದ್ದಿದ್ದು ನಾನೇ ಬರೆದ ಬ್ಯಾಕಪ್ ಸ್ಕ್ರಿಪ್ಟು. ಸರಸ್ವತಿಪುರಂ ಮನೇಲಿ ಫೋಟೋಗಳನ್ನ ಇನ್ನೊಂದು ಡಿಸ್ಕಿಗೆ ಕಾಪಿ ಮಾಡೋಕೆ ಒಂದು ಬ್ಯಾಶ್ ಸ್ಕ್ರಿಪ್ಟ್ ಬರೆದು ಸರ್ವಿಸ್ ಮಾಡಿ ಹಾಕಿದ್ದೆ, ಕಾಪಿ ಮಾಡೋ ಆರ್‌ಸಿಂಕ್ ಕಮಾಂಡ್ ಫೇಲಾದ್ರೆ ಐದು ಸೆಕೆಂಡ್ ಬಿಟ್ಟು ಮತ್ತೆ ಟ್ರೈ ಮಾಡು ಅಂತ ಒಂದು ಲೂಪ್, ಮಧ್ಯದಲ್ಲಿ ನಿಲ್ಸಿದ್ರೆ ಟೆಂಪ್ ಫೈಲ್ ಅಳಿಸು ಅಂತ ಸಿಗ್‌ಟರ್ಮ್‌ಗೆ ಒಂದು ಟ್ರ್ಯಾಪ್ (ಸಿಗ್ನಲ್ ಬಂದಾಗ ಓಡೋ ಸಾಲುಗಳು). ಬುದ್ಧಿವಂತಿಕೆ ನೋಡಿ, ಟ್ರ್ಯಾಪ್‌ನಲ್ಲಿ ಫೈಲ್ ಅಳಿಸೋ ಸಾಲು ಬರೆದು ಕೊನೇಲಿ ಎಕ್ಸಿಟ್ ಹಾಕೋದೇ ಮರ್ತಿದ್ದೆ. ಶಟ್‌ಡೌನ್ ಕೊಟ್ಟಾಗ ಸಿಗ್ನಲ್ ಬರತ್ತೆ, ಆರ್‌ಸಿಂಕ್ ಸಾಯತ್ತೆ, ಸ್ಕ್ರಿಪ್ಟು ಟೆಂಪ್ ಫೈಲ್ ಅಳಿಸತ್ತೆ, ಆಮೇಲೆ "ಓ ಆರ್‌ಸಿಂಕ್ ಫೇಲಾಯ್ತು" ಅಂತ ಮತ್ತೆ ಲೂಪಿಗೇ ಹೋಗಿ ಕೂರತ್ತೆ, 90 ಸೆಕೆಂಡ್ ಮುಗಿದು ಸಿಗ್‌ಕಿಲ್ ಬೀಳೋವರೆಗೂ. ಒಂದು ಪದ ಸೇರಿಸಿದ ಮೇಲೆ ಮೂರು ಸೆಕೆಂಡಲ್ಲಿ ಆಫ್. ನೀವೇನಾದ್ರೂ ಸ್ವಂತ ಸ್ಕ್ರಿಪ್ಟನ್ನ ಸರ್ವಿಸ್ ಮಾಡಿದ್ರೆ ಬೇರೆಯವರನ್ನ ಅನುಮಾನಿಸೋ ಮುಂಚೆ ಅದನ್ನ ನೋಡಿ. ಬ್ಯಾಶ್‌ಗೆ ಇನ್ನೊಂದು ಚಾಳಿ ಇದೆ, ಮುಂದೆ ಒಂದು ಕಮಾಂಡ್ ಓಡ್ತಿದ್ರೆ ಅದು ಮುಗಿಯೋವರೆಗೂ ಟ್ರ್ಯಾಪ್ ಕಡೆ ತಿರುಗಿ ಕೂಡ ನೋಡಲ್ಲ.

ಪ್ರೋಗ್ರಾಮನ್ನ ಕಂಟೇನರ್ ಅನ್ನೋ ಡಬ್ಬಿಯೊಳಗೆ ಓಡಿಸೋ ಡಾಕರ್ ಬಳಸೋರಿಗೂ ಇದೇ ಗೋಳು. ಕಂಟೇನರ್ ಒಳಗೆ ಮೊದಲನೇ ಪ್ರೋಸೆಸ್ ಒಂದು ಶೆಲ್ ಸ್ಕ್ರಿಪ್ಟ್ ಆಗಿದ್ರೆ ಸಿಗ್ನಲ್ ಒಳಗಿನ ನಿಜವಾದ ಪ್ರೋಗ್ರಾಮಿಗೆ ತಲುಪೋದೇ ಇಲ್ಲ, ಡಾಕರ್ 10 ಸೆಕೆಂಡ್ ಕಾದು ಕೊಲ್ಲತ್ತೆ. ಸ್ಕ್ರಿಪ್ಟಿನ ಕೊನೇ ಸಾಲಿನ ಶುರುವಲ್ಲಿ ಎಕ್ಸೆಕ್ ಅಂತ ಸೇರಿಸಿದ್ರೆ ಸಾಮಾನ್ಯವಾಗಿ ಸರಿಹೋಗತ್ತೆ.

"ಯೂಸರ್ ಮ್ಯಾನೇಜರ್ ಫಾರ್ ಯುಐಡಿ 1000" ಅಂತ ಬಂದ್ರೆ ಅದು ನಿಮ್ಮ ಲಾಗಿನ್ನಿನ ಒಳಗಿರೋ ಯಾವುದೋ ಪ್ರೋಗ್ರಾಮು, ಬ್ರೌಸರ್ರೋ ಸಿಂಕ್ ಸಾಫ್ಟ್‌ವೇರೋ. ಒಂದಿನ ಎಲ್ಲಾ ವಿಂಡೋ ಕ್ಲೋಸ್ ಮಾಡಿ ಶಟ್‌ಡೌನ್ ಕೊಡಿ, ಇನ್ನೊಂದಿನ ಒಂದೊಂದೇ ತೆರೆದಿಟ್ಟು ಕೊಡಿ, ಎರಡು ಮೂರು ದಿನದಲ್ಲಿ ಯಾರು ಅಂತ ಗೊತ್ತಾಗತ್ತೆ. "ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್" ಅಂತ ಬಂದ್ರೆ ಮಾತ್ರ ದಯವಿಟ್ಟು ಕೈ ಹಾಕ್ಬೇಡಿ, ಅಪ್‌ಡೇಟ್ ಅರ್ಧಕ್ಕೆ ಬಂದಿರತ್ತೆ, ಕಾಯಿರಿ, ಕಾಫಿ ಕುಡ್ಕೊಂಡ್ ಬನ್ನಿ.

ಈಗ ನೆಟ್ಟಲ್ಲಿ ಎಲ್ಲರೂ ಹೇಳೋ ಔಷಧಿ, 90 ಸೆಕೆಂಡನ್ನ 10 ಮಾಡಿ ಅನ್ನೋದು. /ಇಟಿಸಿ/ಸಿಸ್ಟಮ್‌ಡಿ/ಸಿಸ್ಟಮ್.ಕಾನ್ಫ್ ಫೈಲಲ್ಲಿ ಡೀಫಾಲ್ಟ್-ಟೈಮ್‌ಔಟ್-ಸ್ಟಾಪ್-ಸೆಕ್ ಅಂತ ಒಂದು ಸಾಲಿರತ್ತೆ, ನಾಲ್ಕೂ ಪದ ಗೆರೆ ಇಲ್ದೆ ಸೇರ್ಕೊಂಡು, ಪ್ರತಿ ಪದದ ಮೊದಲಕ್ಷರ ಕ್ಯಾಪಿಟಲ್. ಸಾಲಿನ ಶುರುವಲ್ಲಿರೋ ಹ್ಯಾಶ್ ತೆಗೆದು ಬೇಕಾದ ಸೆಕೆಂಡ್ ಹಾಕಿ ರೀಸ್ಟಾರ್ಟ್ ಮಾಡಿದ್ರೆ ಆಯ್ತು. ಫೆಡೋರಾದವರೇ ಅದನ್ನ 45 ಸೆಕೆಂಡಿಗೆ ಇಳಿಸಿದಾರೆ, ಹಾಗಾಗಿ 45, 30 ಅಂತ ಇಟ್ಕೊಂಡ್ರೆ ತಪ್ಪೇನಿಲ್ಲ. ಆದ್ರೆ ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್ ಥರದ ಡೇಟಾಬೇಸ್ ಇರೋ ಕಡೆ 10ಕ್ಕೆಲ್ಲಾ ಇಳಿಸೋದು ಶುದ್ಧ ತರಲೆ ಕೆಲಸ. ಅವಕ್ಕೆ ಮೆಮೊರೀಲಿರೋದನ್ನ ಡಿಸ್ಕಿಗೆ ಬರೆಯೋಕೆ ನಿಜವಾಗ್ಲೂ ಟೈಮ್ ಬೇಕಿರತ್ತೆ, ಮಧ್ಯದಲ್ಲಿ ಕತ್ತು ಹಿಚುಕಿದ್ರೆ ಮುಂದಿನ ಸಲ ಏಳುವಾಗ ರಿಕವರಿ ಅಂತ ಅದಕ್ಕಿಂತ ಜಾಸ್ತಿ ಹೊತ್ತು ತಗೊಳ್ಳತ್ತೆ. ತೊಂದರೆ ಕೊಡೋ ಒಂದೇ ಸರ್ವಿಸ್ಸಿಗೆ ಬೇಕಾದ್ರೆ ಸುಡೊ ಸಿಸ್ಟಮ್‌ಸಿಟಿಎಲ್ ಎಡಿಟ್, ಮುಂದೆ ಆ ಸರ್ವಿಸ್ ಹೆಸರು ಕೊಟ್ಟು, ಚೌಕಾಕಾರದ ಬ್ರ್ಯಾಕೆಟ್ ಒಳಗೆ ಸರ್ವಿಸ್ ಅಂತ (ಮೊದಲಕ್ಷರ ಕ್ಯಾಪಿಟಲ್) ಬರೆದು, ಅದರ ಕೆಳಗೆ ಟೈಮ್‌ಔಟ್-ಸ್ಟಾಪ್-ಸೆಕ್=20 ಅಂತ ಹಾಕಿ, ಇಲ್ಲೂ ಗೆರೆ ಇಲ್ದೆ ಸೇರಿಸಿ. ಮಿಕ್ಕಿದ್ದಕ್ಕೆಲ್ಲಾ ಯಾಕೆ ಶಿಕ್ಷೆ.

ಭಾವನ ಅಂಗಡಿ ಕಥೆ, ಅಂದ್ರೆ ಎನ್ಎಫ್ಎಸ್

ಭಾನುವಾರ ರೈಲು ಹತ್ತಿ ಮಂಡ್ಯಕ್ಕೆ ಹೋದೆ. ಅಂಗಡೀಲಿ ಹಿಂದ್ಗಡೆ ಸಿಸ್ಟಮ್ಮಿಗೆ ಸ್ಕ್ಯಾನರ್ ಕನೆಕ್ಟ್ ಆಗಿದೆ. ಪಹಣಿ, ಆಧಾರ್, ಮಾರ್ಕ್ಸ್ ಕಾರ್ಡ್, ಜನ ಏನ್ ತಂದ್ರೂ ಅಲ್ಲಿ ಸ್ಕ್ಯಾನ್ ಆಗಿ ಒಂದು ಫೋಲ್ಡರಿಗೆ ಬೀಳತ್ತೆ, ಆ ಫೋಲ್ಡರ್ ಎನ್ಎಫ್ಎಸ್ ಮೂಲಕ, ಅಂದ್ರೆ ಒಂದು ಸಿಸ್ಟಮಿನ ಫೋಲ್ಡರನ್ನ ನೆಟ್‌ವರ್ಕ್ ಮೇಲೆ ಇನ್ನೊಂದಕ್ಕೆ ಕೊಡೋ ವ್ಯವಸ್ಥೇಲಿ, ಮುಂದಿನ ಸಿಸ್ಟಮಲ್ಲಿ /ಎಂಎನ್‌ಟಿ/ಸ್ಕ್ಯಾನ್ ಅಂತ ಮೌಂಟ್ ಆಗಿರತ್ತೆ, ಮಧ್ಯದಲ್ಲಿ ಒಂದು ರೌಟರ್. ನಾನೇ ಮಾಡ್ಕೊಟ್ಟಿದ್ದು, ಎರಡು ವರ್ಷದಿಂದ ಸರಿಯಾಗೇ ಇತ್ತು.

ಸುಮ್ನೆ ಕೂತು ಅವರು ಅಂಗಡಿ ಮುಚ್ಚೋದನ್ನ ನೋಡಿದೆ. ಮೊದಲು ಹಿಂದಿನ ಸಿಸ್ಟಮ್ ಆಫ್ ಮಾಡಿದ್ರು. ಆಮೇಲೆ ಗೋಡೆ ಮೇಲಿನ ಸ್ಪೈಕ್ ಬಸ್ಟರ್ ಟಕ್ ಅನ್ಸಿದ್ರು, ರೌಟರ್ ಲೈಟೂ ಹೋಯ್ತು. ಕಸ ಗುಡಿಸಿ, ದೇವರ ಫೋಟೋ ಹತ್ರ ಲೈಟ್ ಆಫ್ ಮಾಡಿ, ಗಲ್ಲಾ ಪೆಟ್ಟಿಗೆ ದುಡ್ಡು ಎಣಿಸಿ, ಕೊನೆಗೆ ಮುಂದಿನ ಸಿಸ್ಟಮ್ಮಿಗೆ ಶಟ್‌ಡೌನ್ ಕೊಟ್ರು. ಸ್ಪೈಕ್ ಬಸ್ಟರ್ ಹೊಸದು, ಮೊದಲು ರೌಟರ್ ಬೇರೆ ಪ್ಲಗ್ಗಲ್ಲಿತ್ತಂತೆ, ರಾತ್ರಿಯೆಲ್ಲಾ ಆನ್ ಇರೋದಂತೆ.

ಗೊತ್ತಾಯ್ತಲ್ಲ? ಎನ್ಎಫ್ಎಸ್ ಸಾಮಾನ್ಯವಾಗಿ ಹಾರ್ಡ್ ಮೌಂಟ್. ಆಚೆ ಕಡೆ ಸರ್ವರ್ ಉತ್ತರ ಕೊಡಲಿಲ್ಲ ಅಂದ್ರೆ ಇವತ್ತಲ್ಲ ನಾಳೆ ಬರ್ತಾನೆ ಅಂತ ಕಾಯ್ತಾನೇ ಇರತ್ತೆ. ಶಟ್‌ಡೌನ್ ಟೈಮಲ್ಲಿ ಅನ್‌ಮೌಂಟ್ ಮಾಡ್ಬೇಕು, ಅದಕ್ಕೆ ಸರ್ವರ್ ಜೊತೆ ಮಾತಾಡ್ಬೇಕು, ಸರ್ವರ್ರೂ ಇಲ್ಲ ರೌಟರ್ರೂ ಇಲ್ಲ. ಆ ಫೋಲ್ಡರ್ ಮುಟ್ಟಿದ ಪ್ರೋಸೆಸ್ಸು ಡಿ ಅನ್ನೋ ಸ್ಥಿತಿಗೆ ಹೋಗಿ ಕೂರತ್ತೆ, ಅಂದ್ರೆ ಕರ್ನಲ್ ಒಳಗೆ ನಿದ್ದೆ, ಮಾಮೂಲಿ ಸಿಗ್ನಲ್ ಕೊಟ್ರೆ ಏಳಲ್ಲ.

ಪರಿಹಾರ ಎರಡು. ಸುಲಭದ್ದು, ಮುಂದಿನ ಸಿಸ್ಟಮ್ ಮೊದಲು ಆಫ್, ಆಮೇಲೆ ಹಿಂದಿಂದು, ಕೊನೆಗೆ ಸ್ಪೈಕ್ ಬಸ್ಟರ್. ಭಾವ ಒಂದು ಚೀಟೀಲಿ 1, 2, 3 ಬರೆದು ಅಂಟಿಸಿದ್ರು. ಆದ್ರೆ ಅಂಗಡಿ ಹುಡುಗ ಮುಚ್ಚೋ ದಿನ ಚೀಟಿ ಯಾರ್ ಓದ್ತಾರೆ, ಅದಕ್ಕೆ ಎರಡನೇದೂ ಮಾಡಿದೆ. /ಇಟಿಸಿ/ಎಫ್ಎಸ್‌ಟ್ಯಾಬ್ ಫೈಲಲ್ಲಿ ಆ ಮೌಂಟಿನ ಆಪ್ಷನ್ನುಗಳ ಜಾಗದಲ್ಲಿ ಹಿಂಗೆ:

_ನೆಟ್‌ಡೆವ್,ನೋಫೇಲ್,ಎಕ್ಸ್-ಸಿಸ್ಟಮ್‌ಡಿ.ಆಟೋಮೌಂಟ್,ಎಕ್ಸ್-ಸಿಸ್ಟಮ್‌ಡಿ.ಐಡಲ್-ಟೈಮ್‌ಔಟ್=60

ಅಂದ್ರೆ ಫೋಲ್ಡರ್ ಮುಟ್ಟಿದಾಗ ಮಾತ್ರ ಮೌಂಟ್ ಆಗತ್ತೆ, ಯಾವ ಪ್ರೋಗ್ರಾಮೂ ಹಿಡ್ಕೊಂಡಿಲ್ಲ ಅಂದ್ರೆ 60 ಸೆಕೆಂಡ್ ಆದ್ಮೇಲೆ ತಾನೇ ಬಿಡಿಸ್ಕೊಳ್ಳತ್ತೆ. ಹಿಂದಿನ ಸಿಸ್ಟಮ್ ಆಫ್ ಮಾಡೋಕೆ ಒಂದೆರಡು ನಿಮಿಷ ಮುಂಚೆಯಿಂದ ಯಾರೂ ಆ ಫೋಲ್ಡರ್ ಮುಟ್ಟಿಲ್ಲ ಅಂದ್ರೆ, ಅಷ್ಟೊತ್ತಿಗೆ ಅದು ಬಿಟ್ಟಿರತ್ತೆ. ಸಾಫ್ಟ್ ಅನ್ನೋ ಆಪ್ಷನ್ ಕೂಡ ಇದೆ, ಸ್ವಲ್ಪ ಸಲ ಟ್ರೈ ಮಾಡಿ ಕೈ ಬಿಡತ್ತೆ, ಆದ್ರೆ ಬರೆಯೋ ಹೊತ್ತಲ್ಲಿ ನೆಟ್‌ವರ್ಕ್ ತಪ್ಪಿದ್ರೆ ಫೈಲ್ ಅರ್ಧ ಬರೆದು ಬಿಟ್ಟಿರೋ ಅಪಾಯ ಇದೆ, ಜನರ ಪಹಣಿ ವಿಷಯದಲ್ಲಿ ನಾನು ಆ ರಿಸ್ಕ್ ತಗೊಳ್ಳಲಿಲ್ಲ.

ರೌಟರ್ ಆನ್ ಇದ್ರೂ ಹಿಂಗೇ ಆಗ್ತಿದೆ, ಲ್ಯಾಪ್‌ಟಾಪ್ ವೈಫೈಲಿದೆ ಅಂದ್ರೆ ಇನ್ನೊಂದು ಜಾಗ ನೋಡಿ. ವೈಫೈ ಕನೆಕ್ಷನ್ ನಿಮ್ಮ ಒಬ್ಬರ ಲಾಗಿನ್ನಿಗೆ ಮಾತ್ರ ಅಂತ ಸೇವ್ ಆಗಿದ್ರೆ, ಶಟ್‌ಡೌನ್ ಕೊಟ್ಟಾಗ ಮೊದಲು ನಿಮ್ಮ ಲಾಗಿನ್ ಮುಗಿಯತ್ತೆ, ಜೊತೇಲೇ ವೈಫೈ ಹೋಗತ್ತೆ, ಆಮೇಲೆ ಎನ್ಎಫ್ಎಸ್ ಬಿಡಿಸೋಕೆ ಹೋದ್ರೆ ದಾರಿನೇ ಇಲ್ಲ. ವೈಫೈ ಸೆಟ್ಟಿಂಗಲ್ಲಿ ಎಲ್ಲಾ ಯೂಸರ್‌ಗಳಿಗೂ ಸಿಗಲಿ ಅನ್ನೋ ಟಿಕ್ ಹಾಕಿ.

ಹಂತ 4: ನಿಂತಿರೋ ಹೊತ್ತಲ್ಲೇ ಒಳಗೆ ಇಣುಕೋದು

ಲಾಗಲ್ಲೂ ಗೊತ್ತಾಗಲಿಲ್ಲ ಅಂದ್ರೆ ಮಾತ್ರ ಇದು.

ಸುಡೊ ಸಿಸ್ಟಮ್‌ಸಿಟಿಎಲ್ ಎನೇಬಲ್ ಡಿಬಗ್-ಶೆಲ್.ಸರ್ವಿಸ್

ರೀಸ್ಟಾರ್ಟ್ ಮಾಡಿ, ಮತ್ತೆ ಶಟ್‌ಡೌನ್ ಕೊಡಿ, ನಿಂತ್ಕೊಂಡಾಗ ಕಂಟ್ರೋಲ್ ಆಲ್ಟ್ ಎಫ್9 ಒತ್ತಿ. ಒಂದು ರೂಟ್ ಶೆಲ್ ಸಿಗತ್ತೆ. ಅಲ್ಲಿ ಸಿಸ್ಟಮ್‌ಸಿಟಿಎಲ್ ಲಿಸ್ಟ್-ಜಾಬ್ಸ್ ಹೊಡೆದ್ರೆ ಒಂದು ಪಟ್ಟಿ ಬರತ್ತೆ, ಅದರಲ್ಲಿ ವೇಟಿಂಗ್ ಅಂತಿರೋರೆಲ್ಲಾ ಬರೀ ಕ್ಯೂನಲ್ಲಿ ನಿಂತಿರೋರು, ರನ್ನಿಂಗ್ ಅಂತ ಯಾರಿದಾನೋ ಅವನೇ ಕೌಂಟರ್ ಮುಂದೆ ಜಗಳ ಆಡ್ತಿರೋನು. ಪಿಎಸ್ -ಇಒ ಪಿಐಡಿ,ಸ್ಟ್ಯಾಟ್,ಡಬ್ಲ್ಯೂಚಾನ್,ಸಿಎಂಡಿ ಅಂತ ಕೊಟ್ರೆ ಸ್ಟ್ಯಾಟ್ ಕಾಲಮ್ಮಲ್ಲಿ ಡಿ ಇರೋ ಪ್ರೋಸೆಸ್ ಯಾವ್ದು, ಕರ್ನಲ್ಲಲ್ಲಿ ಎಲ್ಲಿ ಮಲಗಿದೆ ಅಂತಾನೂ ಕಾಣತ್ತೆ, ಎನ್ಎಫ್ಎಸ್ ಅಂತ ಶುರುವಾಗಿದ್ರೆ ಮೇಲಿನ ಕಥೆಯೇ.

ಕೆಲಸ ಮುಗಿದ ತಕ್ಷಣ ಎನೇಬಲ್ ಜಾಗದಲ್ಲಿ ಡಿಸೇಬಲ್ ಹಾಕಿ ಅದನ್ನ ತೆಗೀರಿ, ಮರೀಬೇಡಿ. ಆ ಶೆಲ್ಲಿಗೆ ಪಾಸ್‌ವರ್ಡ್ ಇಲ್ಲ, ಎಫ್9 ಒತ್ತಿದೋರೆಲ್ಲಾ ಯಜಮಾನರೇ.

ಶಟ್‌ಡೌನ್ ಕೊಟ್ರೆ ಏನೂ ಆಗೋದೇ ಇಲ್ಲ, ಡೆಸ್ಕ್‌ಟಾಪ್ ಹಂಗೇ ಇದೆ ಅಂದ್ರೆ ಯಾರೋ ತಡೆ ಹಿಡಿದಿರ್ತಾರೆ. ಸಿಸ್ಟಮ್‌ಡಿ-ಇನ್‌ಹಿಬಿಟ್ --ಲಿಸ್ಟ್ ಕೊಡಿ, ಹೆಸರು ಸಮೇತ ತೋರಿಸತ್ತೆ.

ಹಂತ 5: ಡಿಸ್ಕ್ ಬರೆಯೋದ್ರಲ್ಲಿ ನಿಂತ್ರೆ

ಇದು ಎಷ್ಟೋ ಸಲ ತೊಂದರೇನೇ ಅಲ್ಲ. ಪೆನ್‌ಡ್ರೈವ್‌ಗೆ ಮದುವೆ ವಿಡಿಯೋ ಕಾಪಿ ಹಾಕಿ, ಬಾರ್ ನೂರಕ್ಕೆ ನೂರು ಬಂತು ಅಂತ ಶಟ್‌ಡೌನ್ ಕೊಡ್ತೀವಿ, ಆದ್ರೆ ಲಿನಕ್ಸು ಅದನ್ನ ರ‍್ಯಾಮಲ್ಲಿ ಇಟ್ಕೊಂಡು "ಆಯ್ತು" ಅಂದಿರತ್ತೆ, ನಿಜವಾಗಿ ಬರೆಯೋದು ಹಿಂದಿಂದ ನಡೀತಿರತ್ತೆ. 2 ಜಿಬಿ ಬಾಕಿ ಇದ್ದು ಪೆನ್‌ಡ್ರೈವು ಸೆಕೆಂಡಿಗೆ 5 ಎಂಬಿ ಬರೆಯೋ ಸೋಮಾರಿ ಆದ್ರೆ ಲೆಕ್ಕ ಹಾಕಿ, ಸುಮಾರು ಏಳು ನಿಮಿಷ. ಪೆನ್‌ಡ್ರೈವ್ ಲೈಟ್ ಮಿಣುಕ್ತಿದ್ರೆ ಕಾಯಿರಿ. ಮುಂಚೇನೇ ತಿಳ್ಕೋಬೇಕು ಅಂದ್ರೆ ಗ್ರೆಪ್ ಡರ್ಟಿ /ಪ್ರಾಕ್/ಮೆಮ್‌ಇನ್ಫೋ ಅಂತ ಹೊಡೀರಿ, ಡಿ ಮತ್ತೆ ಮೆಮ್ಮಿನ ನಂತರದ ಐ ವಿಷಯದಲ್ಲಿ ಹುಷಾರು, ಮೊದಲನೇದು ಕ್ಯಾಪಿಟಲ್, ಎರಡನೇದು ಸಣ್ಣದು. ಎಷ್ಟು ಕೆಬಿ ಬರೆಯೋಕೆ ಬಾಕಿ ಇದೆ ಅಂತ ಹೇಳತ್ತೆ. ಹಳೇ ಹಾರ್ಡ್ ಡಿಸ್ಕಲ್ಲಿ ಸ್ವಾಪ್ ತುಂಬಿದ್ರೂ ಅದನ್ನ ಖಾಲಿ ಮಾಡೋಕೆ ಹೊತ್ತು ಹಿಡಿಯತ್ತೆ.

ಡಿಸ್ಕೇ ಕೆಟ್ಟಿದ್ರೆ ಮಾತ್ರ ಬೇರೆ ವಿಷಯ. ಸುಡೊ ಡಿಮೆಸ್ಗ್ ಕೊಟ್ಟಾಗ ಐ/ಒ ಎರರ್ ಅಂತ ಸಾಲು ಸಾಲಾಗಿ ಬಂದ್ರೆ ಶಟ್‌ಡೌನ್ ಚಿಂತೆ ಬಿಟ್ಟು ಮೊದಲು ಬ್ಯಾಕಪ್ ತಗೊಳ್ಳಿ.

ಈ ಘಟ್ಟದಲ್ಲಿ ಒಂದು ಕಷ್ಟ ಏನಂದ್ರೆ ಲಾಗ್ ಬರೆಯೋ ಜರ್ನಲ್ಲು ಆಗ್ಲೇ ಮನೆಗೆ ಹೋಗಿರತ್ತೆ, ಹಾಗಾಗಿ ಹಂತ 2ರಲ್ಲಿ ಇದರ ಸುಳಿವು ಸಿಗಲ್ಲ. ಅದಕ್ಕೊಂದು ಉಪಾಯ ಇದೆ. /ಯುಎಸ್ಆರ್/ಲಿಬ್/ಸಿಸ್ಟಮ್‌ಡಿ/ಸಿಸ್ಟಮ್-ಶಟ್‌ಡೌನ್/ ಫೋಲ್ಡರಲ್ಲಿ ಇಟ್ಟ ಸ್ಕ್ರಿಪ್ಟುಗಳು ಕಟ್ಟಕಡೆಗೆ ಓಡ್ತವೆ. ಅಲ್ಲಿ ಡಿಬಗ್.ಎಸ್ಎಚ್ ಅಂತ ಒಂದು ಫೈಲ್ ಮಾಡಿ, ಮೊದಲ ಸಾಲು ಮಾಮೂಲಿ ಹ್ಯಾಶ್ ಬ್ಯಾಂಗ್ /ಬಿನ್/ಎಸ್ಎಚ್, ಆಮೇಲೆ ಈ ಮೂರು:

ಮೌಂಟ್ -ಒ ರೀಮೌಂಟ್,ಆರ್‌ಡಬ್ಲ್ಯೂ /
ಡಿಮೆಸ್ಗ್ > /ಶಟ್‌ಡೌನ್-ಲಾಗ್.ಟಿಎಕ್ಸ್‌ಟಿ
ಮೌಂಟ್ -ಒ ರೀಮೌಂಟ್,ಆರ್ಒ /

ಸಿಎಚ್‌ಮಾಡ್ +ಎಕ್ಸ್ ಕೊಡೋದು ಮರೀಬೇಡಿ, ಇಲ್ಲಾಂದ್ರೆ ಓಡಲ್ಲ. ಮುಂದಿನ ಸಲ ಆನ್ ಮಾಡಿದಾಗ ಆ ಫೈಲಲ್ಲಿ ಕೊನೇ ಕ್ಷಣದವರೆಗಿನ ಸಾಲು ಇರತ್ತೆ.

ಹಂತ 6: ಪವರ್ ಡೌನ್ ಅಂದು ಫ್ಯಾನ್ ತಿರುಗ್ತಿದ್ರೆ

ಇಲ್ಲಿಗೆ ಬಂದ್ರೆ ಡೇಟಾ ಸೇಫ್, ಡಿಸ್ಕ್ ಎಲ್ಲಾ ಬಿಟ್ಟಾಗಿದೆ, ಬಟನ್ ಒತ್ತಿ ಹಿಡಿದ್ರೂ ಏನೂ ಹಾಳಾಗಲ್ಲ. ಮೊದಲು ಯುಎಸ್‌ಬೀಲಿ ಸಿಗಾಕಿರೋದೆಲ್ಲಾ ಕಿತ್ತು ಒಂದ್ಸಲ ನೋಡಿ. ಆನ್ ಆಗುವಾಗ ಬರೋ ಗ್ರಬ್ ಮೆನುವಿಂದ ಹಳೇ ಕರ್ನಲ್ ಆರಿಸ್ಕೊಂಡು ನೋಡಿ, ಅದರಲ್ಲಿ ಸರಿಯಾಗಿ ಆಫ್ ಆದ್ರೆ ಹೊಸ ಕರ್ನಲ್ಲಿಂದು ಅಂತ ಗೊತ್ತಾಯ್ತು. ಎನ್ವಿಡಿಯಾ ಕಾರ್ಡ್ ಇದ್ರೆ ಡ್ರೈವರ್ ಬದಲಾಯಿಸಿ ನೋಡಿ, ಲಿನಕ್ಸ್ ಜೊತೆ ಬರೋ ನೂವೋ ಡ್ರೈವರ್ ಇದ್ರೆ ಕಂಪನಿದು, ಕಂಪನಿದಿದ್ರೆ ಬೇರೆ ವರ್ಷನ್. ಆಮೇಲೆ ಬಯೋಸ್ ಅಪ್‌ಡೇಟ್.

ರೀಬೂಟ್=ಪಿಸಿಐ, ರೀಬೂಟ್=ಬಯೋಸ್ ಅನ್ನೋ ಕರ್ನಲ್ ಆಪ್ಷನ್ನನ್ನ ಇದಕ್ಕೂ ಹಾಕಿ ಅಂತ ಸುಮಾರು ಜನ ಹೇಳ್ತಾರೆ. ಅದು ರೀಸ್ಟಾರ್ಟ್ ಸಿಕ್ಕಾಕೊಂಡ್ರೆ ಇರೋ ಔಷಧಿ, ಆಫ್ ಆಗೋದಕ್ಕಲ್ಲ. ಹಾಗೇ ಕೊನೇ ಸಾಲು "ಸಿಸ್ಟಮ್ ಹಾಲ್ಟೆಡ್" ಅಂತ ಇದ್ರೆ ನೀವು ಪವರ್‌ಆಫ್ ಬದಲು ಹಾಲ್ಟ್ ಕೊಟ್ಟಿದೀರ, ಅದು ನಿಲ್ಸತ್ತೆ, ಕರೆಂಟ್ ಕಟ್ ಮಾಡಲ್ಲ. ಫ್ರೀಬಿಎಸ್‌ಡಿ ಬಳಸೋರೂ ಇಲ್ಲೇ ಬೀಳ್ತಾರೆ, ಅಲ್ಲಿ ಶಟ್‌ಡೌನ್ -ಎಚ್ ಅಂದ್ರೆ ಬರೀ ನಿಲ್ಸೋದು, ಕರೆಂಟೂ ಹೋಗ್ಬೇಕು ಅಂದ್ರೆ -ಪಿ.

ಉಲ್ಟಾ ಕೇಸೂ ಇದೆ. ಆಫ್ ಆಗಿ ಮೂರು ಸೆಕೆಂಡಿಗೆ ತಾನೇ ಎದ್ದು ಕೂರೋದು. ಸುಡೊ ಇಥ್‌ಟೂಲ್ ಮುಂದೆ ನೆಟ್‌ವರ್ಕ್ ಕಾರ್ಡಿನ ಹೆಸರು ಕೊಟ್ಟು ವೇಕ್-ಆನ್ ಅನ್ನೋ ಸಾಲು ನೋಡಿ, ಜಿ ಇದ್ರೆ ನೆಟ್‌ವರ್ಕಿಂದ ಎಬ್ಬಿಸ್ಬಹುದು ಅಂತ, ಡಿ ಇದ್ರೆ ಇಲ್ಲ. /ಪ್ರಾಕ್/ಎಸಿಪಿಐ/ವೇಕಪ್ ಫೈಲಲ್ಲಿ ಯಾವ್ಯಾವ ಡಿವೈಸಿಗೆ ಎಬ್ಬಿಸೋ ಹಕ್ಕಿದೆ ಅಂತ ಪಟ್ಟಿ ಇರತ್ತೆ, ಎಕ್ಸ್ಎಚ್‌ಸಿ ಅಂದ್ರೆ ಯುಎಸ್‌ಬಿ, ಮೌಸ್ ಅಲ್ಲಾಡಿದ್ರೂ ಸಾಕು ಕೆಲವಕ್ಕೆ. ಇನ್ನು ರಾತ್ರಿ ಕರೆಂಟ್ ಹೋಗಿ ಬಂದಾಗ ಸಿಸ್ಟಮ್ ತಾನೇ ಆನ್ ಆಗಿದ್ರೆ ದೆವ್ವ ಅಲ್ಲ, ಬಯೋಸಲ್ಲಿ ಎಸಿ ಪವರ್ ಲಾಸ್ ಅಂತ ಒಂದು ಸೆಟ್ಟಿಂಗ್ ಇರತ್ತೆ, ಅದನ್ನ ಪವರ್ ಆಫ್ ಅಂತ ಇಡಿ.

ಅವಸರ ಇದ್ದಾಗ

ಯುಪಿಎಸ್ ಕುಯ್ಯೋ ಅಂತಿದೆ, ಬ್ಯಾಟರಿ ಮುಗೀತಾ ಬಂದಿದೆ, ಸಿಸ್ಟಮ್ ನಿಂತಿದೆ. ಆಗ್ಲೂ ಪ್ಲಗ್ ಕೀಳ್ಬೇಡಿ. ಆಲ್ಟ್ ಮತ್ತೆ ಸಿಸ್ಆರ್‌ಕ್ಯೂ, ಅಂದ್ರೆ ಪ್ರಿಂಟ್ ಸ್ಕ್ರೀನ್ ಕೀ, ಎರಡನ್ನೂ ಹಿಡ್ಕೊಂಡು ಎಸ್, ಯು, ಒ ಒಂದೊಂದಾಗಿ ಎರಡೆರಡು ಸೆಕೆಂಡ್ ಬಿಟ್ಟು ಒತ್ತಿ. ಎಸ್ ಅಂದ್ರೆ ಡಿಸ್ಕಿಗೆ ಬರಿ, ಯು ಅಂದ್ರೆ ಡಿಸ್ಕನ್ನ ಓದೋಕೆ ಮಾತ್ರ ಮಾಡು, ಒ ಅಂದ್ರೆ ಆಫ್. ಒ ಬದಲು ಬಿ ಒತ್ತಿದ್ರೆ ರೀಸ್ಟಾರ್ಟ್. ಉಬುಂಟುನಲ್ಲಿ ಇದರ ಅನುಮತಿ ಸಂಖ್ಯೆ 176 ಅಂತ ಇಟ್ಟಿರ್ತಾರೆ, 16 ಎಸ್‌ಗೆ, 32 ಯುಗೆ, 128 ಕೊನೇ ಎರಡಕ್ಕೆ, ಕೂಡಿ ನೋಡಿ. ಪ್ರೋಸೆಸ್ ಕೊಲ್ಲೋ ಇ, ಐ ಇದರಲ್ಲಿ ಬರಲ್ಲ, ಹಾಗಾಗಿ ಇಂಗ್ಲಿಷಲ್ಲಿ ಫೇಮಸ್ಸಾಗಿರೋ ಆರ್‌ಇಐಎಸ್‌ಯುಬಿ ಅನ್ನೋ ಆರಕ್ಷರದ ಮಂತ್ರ ಪೂರ್ತಿ ಕೆಲಸ ಮಾಡಲಿಲ್ಲ ಅಂತ ಗಾಬರಿ ಬೇಡ, ಈ ಮೂರು ಸಾಕು. ಕೆಲವು ಲ್ಯಾಪ್‌ಟಾಪಲ್ಲಿ ಎಫ್‌ಎನ್ ಕೂಡ ಸೇರಿಸಿ ಹಿಡೀಬೇಕು, ಬೆರಳಿಗೆ ಸರ್ಕಸ್ಸು.

ಅದೂ ಆಗಲಿಲ್ಲ ಅಂದ್ರೆ ಕಂಟ್ರೋಲ್ ಆಲ್ಟ್ ಡಿಲೀಟ್‌ನ 2 ಸೆಕೆಂಡ್ ಒಳಗೆ 7 ಸಲಕ್ಕಿಂತ ಜಾಸ್ತಿ ಟಕಟಕ ಅಂತ ಕುಟ್ಟಿ, ಸಿಸ್ಟಮ್‌ಡಿ ಕಾಯೋದು ಬಿಟ್ಟು ಬಲವಂತವಾಗಿ ರೀಸ್ಟಾರ್ಟ್ ಮಾಡತ್ತೆ. ಪವರ್ ಬಟನ್ ಒತ್ತಿ ಹಿಡಿಯೋದು ಇದೆಲ್ಲಾ ಆದ್ಮೇಲೆ.

ಯುಪಿಎಸ್ ಇರೋರು ಇನ್ನೊಂದು ಲೆಕ್ಕ ಇಟ್ಕೊಳ್ಳಿ. ಯುಪಿಎಸ್ ಮೇಲೆ ಕಣ್ಣಿಡೋ ನಟ್ ಅಥವಾ ಎಪಿಸಿಯುಪಿಎಸ್‌ಡಿ ಸಾಫ್ಟ್‌ವೇರ್ ಹಾಕಿ ಬ್ಯಾಟರಿ ಕಮ್ಮಿಯಾದಾಗ ತಾನೇ ಶಟ್‌ಡೌನ್ ಆಗೋ ಹಾಗೆ ಮಾಡಿದ್ರೂ, ಒಂದು ಸರ್ವಿಸ್ 90 ಸೆಕೆಂಡ್ ಎಳೆದು ಅದಕ್ಕೆ ಕಾಯ್ತಾ ಇನ್ನೊಂದು 90 ಎಳೆದ್ರೆ ಮೂರು ನಿಮಿಷ ಅಲ್ಲೇ ಹೋಯ್ತು, ಹಳೇ ಬ್ಯಾಟರಿ ಅಷ್ಟು ತಡೆಯತ್ತಾ? ಒಂದ್ಸಲ ಗಡಿಯಾರ ಹಿಡ್ಕೊಂಡು ನಿಮ್ಮ ಸಿಸ್ಟಮ್ ಆಫ್ ಆಗೋಕೆ ಎಷ್ಟು ಹೊತ್ತು ತಗೊಳ್ಳತ್ತೆ ಅಂತ ನೋಡಿ, ಅದರ ಎರಡರಷ್ಟು ಬ್ಯಾಟರಿ ಉಳಿದಿರುವಾಗ್ಲೇ ಶುರುವಾಗೋ ಹಾಗೆ ಸೆಟ್ ಮಾಡಿ.

ಭಾವನ ಅಂಗಡಿ ಸಿಸ್ಟಮ್ ಈಗ ಆರು ಸೆಕೆಂಡಿಗೆ ಆಫ್ ಆಗತ್ತೆ. ಹೋದ ವಾರ ಫೋನ್ ಮಾಡಿದ್ರು, "ಏನಪ್ಪಾ, ಇಷ್ಟ್ ಬೇಗ ಆಫ್ ಆಯ್ತದಲ್ಲ, ಏನಾದ್ರೂ ಕೆಟ್ಟೋಗದಾ?"